ಸಮಸ್ಯೆ: ‘ನೆಯ್ದುದನು ಬಿಚ್ಚಿದೊಡೆ ಸೀರೆಯಾಯಿತ್ತು’

ಪದ್ಯದ ಕೊನೆಯ ಸಾಲನ್ನು ಸಮಸ್ಯೆಯಾಗಿ ಕೊಟ್ಟು, ಉಳಿದ ಸಾಲುಗಳನ್ನು ಪೂರಣ ಮಾಡಲು ಹೇಳಿದ ಹಿರಿಯರಿಗೆ ನಮಸ್ಕಾರ. ನೆಯ್ದುದನ್ನು ಬಿಚ್ಚಿದರೆ ಇದ್ದ ಸೀರೆಯೂ ಹೋಗಬೇಕಲ್ಲವೇ, ಸೀರೆಯಾಗುವುದು ಹೇಗೆ ಎಂಬುದೇ ಇಲ್ಲಿನ ತೊಡಕು. ತಿ. ನರಸೀಪುರದವನಾದ ನನಗೆ ಅದಕ್ಕೆ ಉತ್ತರ ದೊರೆತದ್ದು ರೇಷ್ಮೆ ಗೂಡುಗಳನ್ನು ಬೇಯಿಸಿ ನೂಲು ತೆಗೆಯುವ ಬಿಚ್ಚಾಣಿಕೆಯ ಒಲೆಯ ಬಳಿ. ಪಂಚಮಾತ್ರೆಯ ಗತಿಯಲ್ಲಿ, ಎಂದರೆ ಐದೈದು ಮಾತ್ರೆಗಳ ಗಣಗಳಲ್ಲಿ, ನನ್ನ ಪೂರಣ:

ಕೊಯ್ದ ಸೊಪ್ಪನು ಮೇದು ಗೂಡುಗಟ್ಟಿತು ಹುಳುವು
ಕಾಯ್ದ ನೀರೊಳು ನೂಲ ತುದಿ ಕೈಗೆ ಬಂತು
ಒಯ್ದು ಮಗ್ಗಕೆ ಹಾಸುಹೊಕ್ಕಿಗಿಡೆ, ಹುಳು ತಾನು
ನೆಯ್ದುದನು ಬಿಚ್ಚಿದೊಡೆ ಸೀರೆಯಾಯಿತ್ತು

‘ಹುಳು ನೆಯ್ಯುವುದಿಲ್ಲ, ಸುತ್ತುತ್ತದೆ’ ಎಂದು ಮಂಡ್ಯದ ಗೆಳೆಯರು ಎತ್ತಿರುವ ಆಕ್ಷೇಪ ಸರಿಯಾದುದೇ. ಗೂಡಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅಕ್ಕಮಹಾದೇವಿಯ ವಚನದಲ್ಲಿಯೂ ತೆರಣಿಯ ಹುಳು, ಎಂದರೆ ರೇಷ್ಮೆ ಹುಳು, ತನ್ನ ನೂಲನ್ನು ತನಗೇ ಸುತ್ತಿಕೊಂಡು ಸಾಯುತ್ತದೆ. ಆದರೆ ‘ನೆಯ್ದುದು’ ಸಮಸ್ಯೆಯಲ್ಲಿಯೇ ಬಂದ ಮಾತು. ಅದನ್ನು ತಿದ್ದುವ ಅಧಿಕಾರ ಪೂರಣ ಮಾಡುವವನಿಗಿಲ್ಲ.

ನನ್ನ ಮನಸ್ಸು ನಿಂತದ್ದು ‘ಬಿಚ್ಚು’ ಎಂಬ ಕ್ರಿಯಾಪದದ ಮೇಲೆ. ಗಂಟು, ಜಡೆ, ಹೆಣಿಗೆ ಇವನ್ನೆಲ್ಲ ನಾವು ಬಿಚ್ಚುತ್ತೇವೆ. ಕಟ್ಟು ಹೋದರೂ ಎಳೆ ಇಡಿಯಾಗಿಯೇ ಉಳಿಯುತ್ತದೆ. ಹರಿದರೆ ಎಳೆಯೂ ಉಳಿಯದು. ಬೇಯಿಸುವ ಹಂಡೆಯಲ್ಲಿ ಗೂಡಿನ ಅಂಟು ಸಡಿಲವಾಗಿ, ಕೈಯಾಡಿಸಿದ ಹೆಂಗಸಿನ ಬೆರಳಿಗೆ ಕೂದಲಿಗಿಂತ ನವಿರಾದ ತುದಿಗಳು ಅಂಟಿಕೊಂಡು ಬರುವುದನ್ನೂ, ಏಳೆಂಟು ಗೂಡುಗಳ ಎಳೆಗಳು ಕೂಡಿ ಒಂದೇ ನೂಲಾಗಿ ರಾಟೆಗೆ ಏರುತ್ತಿದ್ದಂತೆ ನೀರಿನಲ್ಲಿ ಗೂಡುಗಳು ಹೊರಳುತ್ತಾ ತೆಳುವಾಗಿ, ಕೊನೆಗೆ ಒಳಗಿನ ಕಂದು ಕೋಶ ಕಾಣುವುದನ್ನೂ ನೋಡಿದವರಿಗೆ, ಈ ಕಸುಬಿಗೆ ‘ಬಿಚ್ಚಾಣಿಕೆ’ ಎಂದು ಹೆಸರಿಟ್ಟವರ ಭಾಷಾಪ್ರಜ್ಞೆಯ ಮೇಲೆ ಗೌರವ ಮೂಡದಿರದು. ಒಂದೊಂದು ಗೂಡೂ ನೂರಾರು ಮೀಟರ್ ಉದ್ದದ ಒಂದೇ ಎಳೆ.

‘ಒಯ್ದು ಮಗ್ಗಕೆ’ ಎಂಬುದು ಬರಿಯ ಪ್ರಾಸಕ್ಕಾಗಿ ಬಂದುದಲ್ಲ. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಮಗ್ಗಗಳಿಗೆ ನಮ್ಮೂರಿನ ಕಾರ್ಖಾನೆಯಲ್ಲಿ ಬಿಚ್ಚಿದ ನೂಲು ಹೋಗುತ್ತದೆ.

‘ಬಿಚ್ಚಿದೊಡೆ’ ಇರುವಲ್ಲಿ ‘ಹಿಂಜಿದೊಡೆ’ ಎಂದೂ ಆಗಬಹುದೇ ಎಂದು ಕೇಳಿದ್ದೀರಿ. ಛಂದಸ್ಸಿಗೆ ಅಡ್ಡಿಯಿಲ್ಲ, ಎರಡಕ್ಕೂ ಐದೇ ಮಾತ್ರೆ. ಅರ್ಥ ಮಾತ್ರ ಬೇರೆಯಾಗುತ್ತದೆ. ಅರಳೆಯಂತೆ ನಾರುನಾರಾಗಿ ಬಿಡಿಸುವುದು ಹಿಂಜುವುದು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಲ್ಲಿ ಎಳೆ ತುಂಡುತುಂಡಾಗಿರುವುದರಿಂದ ಅದನ್ನು ಬಿಚ್ಚಲಾಗದು, ಹಿಂಜಿಯೇ ನೂಲಬೇಕು. ಆ ಮಾತಿಟ್ಟು ಪೂರಣ ಮಾಡುವುದಾದರೆ ಎರಡನೆಯ ಸಾಲಿನ ‘ಕಾಯ್ದ ನೀರ’ನ್ನು ಬಿಟ್ಟು ಚಿಟ್ಟೆಯನ್ನು ತರಬೇಕಾಗುತ್ತದೆ, ಪ್ರಾಸಕ್ಕೆ ‘ಹಾಯ್ದು’ ಒದಗೀತು.