ಬೀಳುವ ಎಂಜಿನ್‌ಗೆ ಕೈ ಒಡ್ಡಬೇಡಿ

ಪುಟ್ಟಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದೆ. ಅಜ್ಜನ ಅಂಬಾಸಿಡರ್ ಎಂಜಿನ್ ಬಿಚ್ಚಿ ಅಂಗಳದ ಮಾವಿನ ಕೊಂಬೆಗೆ ನೇತು ಹಾಕಿದ್ದೀರಿ. ನಾಳೆ ನಾಲ್ಕು ಜನ ಸೇರಿ ಹಿಂದಿನ ಕೊಟ್ಟಿಗೆಗೆ ಹೊತ್ತುಕೊಂಡು ಹೋಗುತ್ತೇವೆ, ಹೇಗೆ ಹಿಡಿಯಬೇಕು ಅಂತ ಕೇಳಿದ್ದೀಯ. ಎಲ್ಲರೂ ಭಲೇ ಅಂದಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಕತ್ತಲಾಗುತ್ತದೆ, ಅದಕ್ಕೆ ಮಾತಲ್ಲೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಪೂರ್ತಿ ಕೇಳು.

ಮೊದಲು ಒಂದು ಕೆಲಸ ಮಾಡು. ಫೋಟೋದಲ್ಲಿ ಎಂಜಿನ್ ಪಕ್ಕ ಕೂತು ಆಡುತ್ತಿರುವ ಇಬ್ಬರು ಮಕ್ಕಳನ್ನು ಒಳಗೆ ಕಳಿಸು. ಈಗಲೇ. ಆಮೇಲೆ ಉಳಿದದ್ದು ಕೇಳು.

ಆ ಎಂಜಿನ್ ಎಷ್ಟು ಭಾರ ಗೊತ್ತಾ? 1489 ಸಿಸಿ ಪೆಟ್ರೋಲ್ ಎಂಜಿನ್, ಬ್ಲಾಕ್, ಅಂದರೆ ಎಂಜಿನ್ನಿನ ಮೈ, ಪೂರ್ತಿ ಬೀಡು ಕಬ್ಬಿಣ. ಒಂದೂವರೆ ಕ್ವಿಂಟಲ್ ಆಸುಪಾಸು ಇರುತ್ತದೆ. ಮೂರು ಮೂಟೆ ಅಕ್ಕಿ ಅಂದುಕೋ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ನಲವತ್ತು ಕೆಜಿ ಕೂಡ ಇಲ್ಲವಲ್ಲ ಅಂತ ನೀನು ಲೆಕ್ಕ ಹಾಕಿರುತ್ತೀಯ. ಮೂಟೆಯಾದರೆ ಆ ಲೆಕ್ಕ ಸರಿ. ಎಂಜಿನ್‌ಗೆ ಹಿಡಿಯಲು ಜಾಗವೇ ಇಲ್ಲ. ಹಿಂದೆ ಫ್ಲೈವೀಲ್ ಅನ್ನುವ ದಪ್ಪ ಗಾಲಿ ಇರುವ ಕಡೆ ಭಾರ ಜಾಸ್ತಿ, ಮುಂದೆ ಕಮ್ಮಿ. ಒಬ್ಬ ಎಡವಿದರೆ ಅವನ ಪಾಲು ಉಳಿದ ಮೂವರ ಮೇಲೆ ಸಮನಾಗಿ ಬರುವುದಿಲ್ಲ, ಅವನ ಅಕ್ಕಪಕ್ಕದವರ ಮೇಲೇ ಬೀಳುತ್ತದೆ. ಅವರ ಬೆರಳು ಎಲ್ಲಿರುತ್ತವೆ? ಸಂಪಿನ ಕೆಳಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ ಕೆಳಗೆ.

ನಾನು ಗ್ಯಾರೇಜ್ ಸೇರಿದ್ದು ದಾವಣಗೆರೆಯಲ್ಲಿ, ಹತ್ತೊಂಬತ್ತು ವರ್ಷದವನಿದ್ದಾಗ. ಆಗ ನಮ್ಮಲ್ಲಿ ಕ್ರೇನ್ ಇರಲಿಲ್ಲ. ಮೂರು ಕಬ್ಬಿಣದ ಪೈಪ್ ನಿಲ್ಲಿಸಿ ಮುಕ್ಕಾಲಿ ಮಾಡಿ, ಅದರ ತುದಿಗೆ ಚೈನ್ ಬ್ಲಾಕ್, ಅಂದರೆ ಸರಪಳಿ ಎಳೆದು ಭಾರ ಎತ್ತುವ ರಾಟೆ, ಕಟ್ಟಿ ಎತ್ತುತ್ತಿದ್ದೆವು. ಎತ್ತುವಾಗ ಎಂದೂ ತೊಂದರೆ ಆಗಲಿಲ್ಲ. ಆದದ್ದು ಸರಿಸುವಾಗ. ಜೀಪಿನ ಡೀಸೆಲ್ ಎಂಜಿನ್, ಗೇರ್ ಬಾಕ್ಸ್ ಸಮೇತ ನೇತಾಡುತ್ತಿತ್ತು. ಅದನ್ನು ಇಳಿಸಿ ಆಮೇಲೆ ಜಾಗ ಬದಲಿಸಬೇಕಿತ್ತು. ಮಾಲೀಕನಿಗೆ ಅವಸರ, ನಮಗೂ ಅವಸರ. ಮುಕ್ಕಾಲಿಯ ಒಂದೊಂದೇ ಕಾಲನ್ನು ಅರ್ಧ ಅಡಿ ಎತ್ತಿ ಮುಂದಿಡುತ್ತಾ ಹೊರಟೆವು. ನಾಲ್ಕನೇ ಸಲಕ್ಕೆ ಒಂದು ಕಾಲು ಆಯಿಲ್ ಚೆಲ್ಲಿದ ಜಾಗದಲ್ಲಿ ಜಾರಿತು.

ಎಂಜಿನ್ ಪೂರ್ತಿ ಬೀಳಲೂ ಇಲ್ಲ. ಉಯ್ಯಾಲೆ ಹಾಗೆ ಒಂದು ಸಲ ತೂಗಿತು, ಅಷ್ಟೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನು, ಅದನ್ನು ತಡೆಯಲು ಕೈ ಚಾಚಿದ. ಯಾರಾದರೂ ಚಾಚುತ್ತಾರೆ. ಬೀಳುವ ಲೋಟಕ್ಕೆ ಕೈ ಹೋಗುವುದಿಲ್ಲವಾ, ಹಾಗೆ. ಎಂಜಿನ್ನನ್ನು ಗೇರ್ ಬಾಕ್ಸಿಗೆ ಸೇರಿಸುವ ಕವಚ, ಬೆಲ್ ಹೌಸಿಂಗ್, ಅದಕ್ಕೂ ಹಿಂದಿನ ಗೋಡೆ ಕಂಬಕ್ಕೂ ನಡುವೆ ಅವನ ಬಲಗೈ ಸಿಕ್ಕಿತು. ಎರಡು ಬೆರಳು ಹೋದವು. ಆ ಎಂಜಿನ್‌ಗೆ ಆದ ನಷ್ಟ ಒಂದು ಒಡೆದ ಬ್ರಾಕೆಟ್. ಅವನು ಮತ್ತೆ ಸ್ಪ್ಯಾನರ್ ಹಿಡಿಯಲಿಲ್ಲ ಪುಟ್ಟಾ. ತುಂಬಾ ಚೆನ್ನಾದ ಕೈಗುಣ ಇತ್ತು ಅವನಿಗೆ. ಎಂಜಿನ್ ಒಳಗಿನ ಟ್ಯಾಪೆಟ್ ಸದ್ದು ಕೇಳಿಯೇ ತೊಂದರೆ ಯಾವ ಸಿಲಿಂಡರಿನಲ್ಲಿ ಅಂತ ಹೇಳುತ್ತಿದ್ದ.

ಅದಕ್ಕೇ ನಿಮ್ಮ ನಾಲ್ಕು ಜನಕ್ಕೂ ನನ್ನ ಒಂದೇ ಮಾತು. ಎಂಜಿನ್ ಜಾರಿದರೆ ಜಾರಲಿ. ತೂಗಿದರೆ ತೂಗಲಿ. ಕೈ ಹಿಂದೆ, ಕಾಲು ಹಿಂದೆ. ಕೆಲಸ ಶುರು ಮಾಡುವ ಮೊದಲೇ ಇದನ್ನು ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಆ ಹೊತ್ತಿಗೆ ಯೋಚನೆ ಮಾಡಲು ಸಮಯ ಸಿಗುವುದಿಲ್ಲ. ಯಾರು ಯಾವ ಕಡೆ ಓಡಬೇಕು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಗೋಡೆಗೂ ಎಂಜಿನ್‌ಗೂ ನಡುವೆ ಯಾರೂ ನಿಲ್ಲಬಾರದು. ಉಂಗುರ, ವಾಚು, ಕೈದಾರ ಎಲ್ಲ ಬಿಚ್ಚಿಡಿ.

ಈಗ ನಿನ್ನ ಫೋಟೋಗೆ ಬರುತ್ತೇನೆ. ಚೈನ್ ಬ್ಲಾಕ್ ತಂದಿದ್ದೀರಿ, ಸಂತೋಷ. ಸರಪಳಿ ಕೈಬಿಟ್ಟರೂ ಅದರ ಒಳಗಿನ ಬ್ರೇಕ್ ಭಾರ ಹಿಡಿದುಕೊಳ್ಳುತ್ತದೆ. ಆದರೆ ಕೊಕ್ಕೆಯಿಂದ ಎಂಜಿನ್‌ಗೆ ಕಟ್ಟಿರುವುದು ಬಾವಿ ಹಗ್ಗ. ಅದೂ ಹೊಗೆ ಹೊರಹೋಗುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅದರ ಸುತ್ತ ಸುತ್ತಿ, ಎಂಜಿನ್ ಮೇಲ್ಭಾಗದ ಹೆಡ್ಡಿನ ಅಂಚಿಗೆ ಉಜ್ಜಿಕೊಂಡು ಹೋಗಿದೆ. ಝೂಮ್ ಮಾಡಿ ನೋಡಿದೆ, ಒಂದು ಎಳೆ ಆಗಲೇ ಬಿಟ್ಟಿದೆ. ಕೊಡಪಾನ ಎತ್ತುವ ಹಗ್ಗ ಅದು. ಕಬ್ಬಿಣದ ಚೂಪು ಅಂಚಿಗೆ ಅದು ಚಾಕುವಿಗೆ ಕೊಟ್ಟ ಹಾಗೆ. ಇನ್ನು ಆ ಕೊಂಬೆ. ಮರದ ಒಳಗೆ ಹುಳ ತಿಂದಿದೆಯಾ, ಟೊಳ್ಳಾಗಿದೆಯಾ, ಹೊರಗಿಂದ ಕಾಣುತ್ತದಾ?

ಇನ್ನೊಂದು ವಿಷಯ, ಇದು ಎಷ್ಟೋ ಹಳೇ ಮೆಕ್ಯಾನಿಕ್‌ಗಳಿಗೂ ಗೊತ್ತಿಲ್ಲ. ಹಗ್ಗ ಎಷ್ಟು ಗಟ್ಟಿ ಅನ್ನುವುದರ ಜೊತೆಗೆ ಅದು ಎಷ್ಟು ಓರೆ ಇದೆ ಅನ್ನುವುದೂ ಮುಖ್ಯ. ಇಬ್ಬರು ಸೇರಿ ನೀರಿನ ಹಂಡೆಗೆ ಹಗ್ಗ ಕಟ್ಟಿ ಹಿಡಿದಾಗ ನೋಡಿದ್ದೀಯಾ? ಹತ್ತಿರ ನಿಂತರೆ ಹಗುರ. ದೂರ ದೂರ ನಿಂತರೆ ತೋಳು ಕಿತ್ತು ಬರುತ್ತದೆ. ಹಂಡೆ ಅದೇ, ನೀರೂ ಅದೇ. ಇಲ್ಲೂ ಹಾಗೇ. ಕೊಕ್ಕೆಯಿಂದ ಎಂಜಿನ್‌ಗೆ ಇಳಿಯುವ ಹಗ್ಗದ ಅಥವಾ ಸರಪಳಿಯ ಎರಡು ಕಾಲು ನೆಲಮಟ್ಟದಿಂದ 60 ಡಿಗ್ರಿ ಏರಿದ್ದರೆ 150 ಕೆಜಿ ಎಂಜಿನ್‌ಗೆ ಒಂದೊಂದು ಕಾಲಿನ ಮೇಲೆ ಸುಮಾರು 87 ಕೆಜಿ ಎಳೆತ. 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ ಪೂರ್ತಿ 150. ನಿಮ್ಮದು ಹೆಚ್ಚುಕಡಿಮೆ ಮಲಗಿದ ಹಾಗೆ ಇದೆ. ಕೊಂಬೆ ಕೆಳಗಿದೆ ಅಂತ ಹಗ್ಗ ಗಿಡ್ಡ ಮಾಡಿದ್ದೀರಿ, ಅಲ್ವಾ?

ಸರಪಳಿ ಬಳಸಿದರೂ ಅದನ್ನು ಹೇಗೆ ಕಟ್ಟುತ್ತೀರಿ ಅನ್ನುವುದು ಇದೆ. ಬ್ಲಾಕಿಗೋ ಹೆಡ್ಡಿಗೋ ಕಬ್ಬಿಣದ ಪ್ಲೇಟ್ ಬೋಲ್ಟ್ ಮಾಡಿ ಅದಕ್ಕೆ ಸರಪಳಿ ಹಾಕಬೇಕು. ಬೋಲ್ಟ್ ತಲೆಯ ಮೇಲೆ ಅದರ ಗಟ್ಟಿತನದ ಗುರುತು 8.8 ಅಥವಾ 10.9 ಅಂತ ಬರೆದಿರಬೇಕು. ಬೋಲ್ಟ್ ಉದ್ದ ಆಯಿತು ಅಂತ ಮಧ್ಯೆ ಜಾಗ ಬಿಟ್ಟು ಬಿಗಿದರೆ ಅದು ಬಾಗಿ ಮುರಿಯುತ್ತದೆ. ಪ್ಲೇಟ್ ಮೈಗೆ ಅಂಟಿ ಕೂರಬೇಕು. ಮ್ಯಾನಿಫೋಲ್ಡ್, ಡೈನಮೋ ಬ್ರಾಕೆಟ್, ರಾಕರ್ ಕವರ್, ಇವುಗಳಿಗೆ ಎಂದೂ ಭಾರ ಕೊಡಬೇಡಿ.

ನಾಳೆ ಹೊರುವುದು ಬೇಡವೇ ಬೇಡ. ಪೇಟೆಯಲ್ಲಿ ಹೈಡ್ರಾಲಿಕ್ ಎಂಜಿನ್ ಕ್ರೇನ್ ಬಾಡಿಗೆಗೆ ಸಿಗುತ್ತಾ ವಿಚಾರಿಸು. ಅದರಲ್ಲೂ ಜನ ಮೋಸ ಹೋಗುವುದು ಒಂದಿದೆ. ಎರಡು ಟನ್ ಅಂತ ಬರೆದಿರುತ್ತದೆ. ಅದು ತೋಳು ಗಿಡ್ಡ ಇದ್ದಾಗ ಮಾತ್ರ. ತೋಳನ್ನು ಪೂರ್ತಿ ಹೊರಗೆ ಎಳೆದರೆ ಎಷ್ಟೋ ಕ್ರೇನ್‌ಗಳು ತಡೆಯುವುದು ಅರ್ಧ ಟನ್ ಆಸುಪಾಸು ಅಷ್ಟೇ. ತೋಳಿನ ತೂತಿನ ಪಕ್ಕ ಬರೆದಿರುತ್ತದೆ, ಓದು. ಆಮೇಲೆ ಅದರ ಚಕ್ರ ಚಿಕ್ಕವು. ನೆಲದಲ್ಲಿ ಒಂದು ನಟ್ ಬಿದ್ದಿದ್ದರೂ ಸಾಕು, ಗಕ್ಕನೆ ನಿಲ್ಲುತ್ತದೆ, ಎಂಜಿನ್ ಮುಂದಕ್ಕೆ ತೂಗುತ್ತದೆ, ಕ್ರೇನೇ ಮಗುಚುತ್ತದೆ. ಎಂಜಿನ್ ಮೇಲೆ ಇದ್ದಷ್ಟೂ ಮಗುಚುವುದು ಸುಲಭ. ಕಾರಿನಿಂದ ಹೊರ ಬಂದ ತಕ್ಷಣ ನೆಲದಿಂದ ಒಂದು ಗೇಣು ಮೇಲಿರುವಷ್ಟು ಇಳಿಸಿ, ಆಮೇಲೆ ತಳ್ಳಬೇಕು. ನಿಮ್ಮ ಅಂಗಳ ಮಣ್ಣಿನದು, ಚಕ್ರ ಹೂತುಕೊಳ್ಳುತ್ತದೆ. ದಾರಿ ಉದ್ದಕ್ಕೂ ದಪ್ಪ ಪ್ಲೈವುಡ್ ಹಾಸಿ. ಇಳಿಸುವ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಜಾಸ್ತಿ ತಿರುಗಿಸಿದರೆ ಧೊಪ್ಪನೆ ಬರುತ್ತದೆ.

ಧೊಪ್ಪನೆ ಇಳಿದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ, ಏಕೆಂದರೆ ಇದು ನನ್ನ ಕೈಯಿಂದಲೇ ಆದದ್ದು. ಒಂದು ಟ್ಯಾಕ್ಸಿ ಎಂಜಿನ್ ಇಳಿಸುವಾಗ ನೆಲದಲ್ಲಿದ್ದ ಕಲ್ಲಿಗೆ ಸಂಪ್ ಬಡಿಯಿತು. ಅಂಗೈ ಅಗಲದ ತಗ್ಗು. ಲೀಕ್ ಇರಲಿಲ್ಲ. ಪರವಾಗಿಲ್ಲ ಅಂತ ಜೋಡಿಸಿ ಕೊಟ್ಟೆ. ಸಂಪಿನ ತಗಡು ಒಳಗೆ ಒತ್ತಿಹೋಗಿ ಆಯಿಲ್ ಎಳೆಯುವ ಜಾಲರಿಗೆ ತಾಗಿಕೊಂಡಿತ್ತು. ಆಯಿಲ್ ಸರಿಯಾಗಿ ಏರಲಿಲ್ಲ. ಹದಿನೈದು ದಿನಕ್ಕೆ ಚಿತ್ರದುರ್ಗದ ದಾರಿಯಲ್ಲಿ ಬೇರಿಂಗ್ ಹಿಡಿದು ಗಾಡಿ ನಿಂತಿತು. ಮದುವೆ ಸೀಸನ್ ಅದು, ಟ್ಯಾಕ್ಸಿಯವರ ಇಡೀ ತಿಂಗಳ ದುಡಿಮೆ ಹೋಯಿತು. ನನ್ನ ತಪ್ಪು ಅಂತ ಅವರ ಮನೆಗೆ ಹೋಗಿ ಹೇಳಿ, ಮತ್ತೆ ಬಿಚ್ಚಿ ಕೂಲಿ ಇಲ್ಲದೆ ಮಾಡಿಕೊಟ್ಟೆ. ಅಂದಿನಿಂದ ಎಂಜಿನ್ ಇಳಿಯುವ ಕಡೆಯೆಲ್ಲ ಹಳೇ ಟೈರ್ ಇಟ್ಟೇ ಇಡುತ್ತೇನೆ. ಸಂಪ್ ಟೈರಿನ ಮಧ್ಯದ ಖಾಲಿಗೆ ಬಂದು ಬ್ಲಾಕಿನ ಅಂಚು ರಬ್ಬರ್ ಮೇಲೆ ಕೂರಬೇಕು. ಉರುಳದ ಹಾಗೆ ಎರಡೂ ಕಡೆ ಮರದ ತುಂಡು.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಬ್ಲಾಕ್ ಬಿರುಕು ಬಿಟ್ಟರೆ ಒಳ್ಳೆಯ ಬ್ಲಾಕ್ ಹುಡುಕಿಕೊಂಡು ಊರೂರು ಅಲೆಯಬೇಕು. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಆದರೂ ಎಂಜಿನ್ ಹೋದರೆ ಹೋಗಲಿ ಅಂತಲೇ ನಾನು ಹೇಳುವುದು. ಅಜ್ಜ ಇದ್ದಿದ್ದರೆ ಅವರೂ ಅದೇ ಹೇಳುತ್ತಿದ್ದರು.

ಹಾಂ, ವಾಪಸ್ ಕೂರಿಸುವ ದಿನಕ್ಕೆ ಒಂದು. ಗೇರ್ ಬಾಕ್ಸ್ ಜೋಡಿಸುವಾಗ ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ, ಅಂದರೆ ಕ್ಲಚ್ ಒಳಗೆ ಹೋಗುವ ಅದರ ದಂಡದ ಮೇಲೆ, ನೇತಾಡಲು ಬಿಡಬೇಡ, ಕ್ಲಚ್ ಪ್ಲೇಟ್ ಸೊಟ್ಟ ಆಗುತ್ತದೆ. ಅದನ್ನು ಎದುರಲ್ಲೇ ತೋರಿಸುತ್ತೇನೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಸರಪಳಿ, ಪ್ಲೇಟ್, ಬೋಲ್ಟ್ ಎಲ್ಲ ನಾನೇ ತರುತ್ತೇನೆ. ನೀನು ಈಗ ಆ ಹಳೇ ಸ್ಟೆಪ್ನಿ ಟೈರ್ ತಂದು ಎಂಜಿನ್ ಕೆಳಗೆ ಕೋಲಿನಿಂದ ತಳ್ಳು, ಕೈ ಒಳಗೆ ಹಾಕಬೇಡ. ಚೈನ್ ಬ್ಲಾಕಿನಲ್ಲಿ ನಿಧಾನ ಇಳಿಸು. ಇಳಿಸುವವನು ಒಬ್ಬನೇ ಇರಲಿ, ಉಳಿದವರು ದೂರ. ರಾತ್ರಿ ಅದು ಹಾಗೇ ನೇತಾಡಬಾರದು. ಟೈರ್ ಮೇಲೆ ಕೂತ ಫೋಟೋ ಕತ್ತಲಾಗುವ ಮುಂಚೆ ಗ್ರೂಪಿಗೆ ಹಾಕು. ಅದನ್ನು ನೋಡಿಯೇ ನಾನು ಊಟಕ್ಕೆ ಕೂರುತ್ತೇನೆ.