ಎದುರಿಗೆ ನಿಂತೋರ ಹೆಸರೇ ಮರೆತುಹೋದ್ರೆ ಬಚಾವಾಗೋದು ಹೇಗೆ?

ಮಲ್ಲೇಶ್ವರದ_ಮರೆಗುಳಿ:
ಬಸವನಗುಡಿಯ ಒಂದು ಛತ್ರದಲ್ಲಿ ಮದುವೆ ಇದೆ. "ನಾನ್ಯಾರು ಹೇಳು ನೋಡೋಣ?" ಅಂತ ಕೈ ಹಿಡ್ಕೊಂಡು ನಿಲ್ಲೋರು ಗ್ಯಾರಂಟಿ. ಮುಖ, ಊರು ಎಲ್ಲ ಗೊತ್ತಿರತ್ತೆ, ಹೆಸರು ಮಾತ್ರ ಬರಲ್ಲ. ಉಪಾಯ ಇದ್ರೆ ಹೇಳಿ. ಹಾಗೇ, ಅರ್ಧ ದಾರೀಲಿ "ಗ್ಯಾಸ್ ಆಫ್ ಮಾಡಿದ್ನಾ?" ಅನ್ನೋ ಅನುಮಾನಕ್ಕೂ ಏನಾದ್ರೂ ಮದ್ದಿದ್ಯಾ?

ಫಿಲ್ಟರ್_ಕಾಫಿ:
ಜೋಡಿಯಾಗಿ ಹೋಗೋದಾದ್ರೆ ಮನೇಲೇ ಮಾತಾಡ್ಕೊಳ್ಳಿ: ಹತ್ತು ಸೆಕೆಂಡಲ್ಲಿ ನೀವು ಪರಿಚಯ ಮಾಡಿಸಲಿಲ್ಲ ಅಂದ್ರೆ, ಜೊತೆಗಿರೋರು ತಾವೇ ಕೈಮುಗಿದು ಹೆಸರು ಹೇಳ್ಕೋಬೇಕು. ಎದುರಿನವರೂ ತಮ್ಮ ಹೆಸರು ಹೇಳೇ ಹೇಳ್ತಾರೆ. ಒಬ್ಬರೇ ಇದ್ರೆ ನಂಬರ್ ಹೇಳಿ ಮಿಸ್ಡ್ ಕಾಲ್ ಕೇಳಿ. ಸೇವ್ ಆಗಿದ್ರೆ ಹೆಸರು ಸ್ಕ್ರೀನ್ ಮೇಲೆ ಬರತ್ತೆ. ಇಲ್ಲದಿದ್ರೆ ಫೋನ್ ಅವರ ಕೈಗೇ ಕೊಟ್ಟು "ನೀವೇ ಸೇವ್ ಮಾಡ್ಬಿಡಿ" ಅನ್ನಿ. "ನಿಮ್ಮ ಇನಿಷಿಯಲ್ ಏನು?" ಅನ್ನೋ ಹಳೇ ಪಟ್ಟು ಬೇಡ, "ಕೆ.ಎನ್." ಅಂತ ಹೇಳಿ ಸುಮ್ಮನಾಗ್ತಾರೆ. ವಯಸ್ಸಾದ ಅತ್ತೆ, ದೊಡ್ಡಮ್ಮಂದಿರಾದ್ರೆ ಯಾವ ತಂತ್ರಾನೂ ಬೇಡ. ಕಾಲಿಗೆ ಬಿದ್ದುಬಿಡಿ, ಏಳೋಷ್ಟರಲ್ಲಿ ಯಾರಾದ್ರೂ ಅವರನ್ನ ಹೆಸರು ಹಿಡಿದು ಕರೆದಿರ್ತಾರೆ.

ಪುಸ್ತಕದ_ಹುಳ:
ಹೆಸರೇ ಯಾಕೆ ಜಾರತ್ತೆ ಅಂದ್ರೆ, ಅದಕ್ಕೆ ಅರ್ಥದ ಕೊಂಡಿ ಇರಲ್ಲ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಮುಖಗಳನ್ನ ತೋರಿಸಿ ಪರೀಕ್ಷೆ ಮಾಡಿದ್ರು. ಇವರು ಬೇಕರಿ ಕೆಲಸದವರು ಅಂದ್ರೆ ನೆನಪಿರ್ತಿತ್ತು, ಇವರ ಹೆಸರು ಬೇಕರ್ ಅಂದ್ರೆ ಮರೆತುಹೋಗ್ತಿತ್ತು. ನಮ್ಮಲ್ಲಾದ್ರೆ ಪೂಜೆ ಮಾಡೋ ಪೂಜಾರಿ ನೆನಪಿರ್ತಾರೆ, ಬ್ಯಾಂಕಲ್ಲಿರೋ ಮಿಸ್ಟರ್ ಪೂಜಾರಿ ಮರೆತುಹೋಗ್ತಾರೆ. ಅದಕ್ಕೇ ಹೆಸರು ಕೇಳಿದ ತಕ್ಷಣ ಒಂದ್ಸಲ ಬಾಯಿಬಿಟ್ಟು ಹೇಳಿ, ಒಂದೆರಡು ನಿಮಿಷ ಬಿಟ್ಟು ಮಾತಿನ ಮಧ್ಯೆ ಮತ್ತೊಮ್ಮೆ. ನಾಲಿಗೆ ತುದೀಲಿ ಸಿಕ್ಕಿಹಾಕ್ಕೊಂಡ್ರೆ ಜಗ್ಗಾಡ್ಬೇಡಿ. "ರಮೇಶ" ಅಂತ ತಪ್ಪು ಹೆಸರು ಬಂದು ಕೂತ್ರೆ ಅದೇ "ಮಹೇಶ"ನಿಗೆ ಅಡ್ಡ. ಬೇರೆ ಮಾತಿಗೆ ಹೊರಳಿ, ಊಟದ ಎಲೆ ಮುಂದೆ ತಾನಾಗೇ ಬರತ್ತೆ.

ಸಿಲ್ಕ್‌ಬೋರ್ಡ್_ಸಿಗ್ನಲ್:
ಗ್ಯಾಸ್ ವಿಷಯಕ್ಕೆ ಬರೋಣ. ದಿನಾ ಮಾಡೋ ಕೆಲಸವಾದ್ದರಿಂದ ಕೈ ತನ್ನಷ್ಟಕ್ಕೆ ಆಫ್ ಮಾಡಿರತ್ತೆ, ಆದ್ರೆ ನಿನ್ನೆದು ಇವತ್ತಿನದು ಕಲಸಿಹೋಗಿರತ್ತೆ. ಮನೆ ಬಿಡೋವಾಗ ಒಲೆಯ ನಾಬ್ ಅಷ್ಟೇ ಅಲ್ಲ, ಸಿಲಿಂಡರ್ ರೆಗ್ಯುಲೇಟರೂ ತಿರುಗಿಸಿ, ಬೆರಳು ತೋರಿಸಿ ಜೋರಾಗಿ ಹೇಳಿ: "ರೆಗ್ಯುಲೇಟರ್ ಆಫ್, ಭಾನುವಾರ." ವಾರದ ಹೆಸರು ಬಿಡ್ಬೇಡಿ, ಇವತ್ತಿನದನ್ನ ಬೇರೆ ಮಾಡೋದೇ ಅದು. ಜಪಾನಿನ ರೈಲು ಚಾಲಕರು ಸಿಗ್ನಲ್‌ಗೆ ಬೆರಳು ತೋರಿಸಿ ಕೂಗೋ ಪದ್ಧತೀನೂ ಇಂಥದ್ದೇ. ಪಕ್ಕದ ಮನೆಯವರು ಒಂದೆರಡು ದಿನ ವಿಚಿತ್ರವಾಗಿ ನೋಡ್ತಾರೆ, ಅಷ್ಟೇ. ಕುಕ್ಕರ್ ಕೂಗು ಎಣಿಸೋದನ್ನೂ ಬಿಡಿ, ಅದು ಅವಧಾನದಲ್ಲಿ ಪದ್ಯ ಕಟ್ಟುತ್ತಲೇ ಗಂಟೆ ಸದ್ದು ಎಣಿಸೋ ಘಂಟಾಗಣನದಷ್ಟೇ ಕಷ್ಟ. ಮೊದಲ ಕೂಗಿಗೆ ಉರಿ ಸಣ್ಣ ಮಾಡಿ, ತೊಗರಿಬೇಳೆಗೆ ಫೋನಲ್ಲಿ ಹತ್ತು ನಿಮಿಷ ಟೈಮರ್ ಇಡಿ.

ಮಲ್ಲೇಶ್ವರದ_ಮರೆಗುಳಿ:
ಮಿಸ್ಡ್ ಕಾಲ್ ಕೊಟ್ಟಾಗ ಸ್ಕ್ರೀನ್ ಮೇಲೆ "ಸೀರೆ ಅಂಗಡಿ ಹತ್ರ ಸಿಕ್ಕೋರು" ಅಂತ ಬಂದ್ರೆ?

ಫಿಲ್ಟರ್_ಕಾಫಿ:
ಫೋನ್ ಬೇಗ ಜೇಬಿಗೆ ಹಾಕಿ. ಇನ್ಮೇಲೆ ಮೊದಲು ಹೆಸರು, ಆಮೇಲೆ ಊರು, ಕೊನೆಗೆ ಯಾರ ಕಡೆಯೋರು ಅಂತ ಸೇವ್ ಮಾಡಿ. ಅದೇ ಕ್ರಮ.