ತವರಲ್ಲಿ ಒಡವೆಗೆ ಝಕಾತ್ (ಕಡ್ಡಾಯ ದಾನ) ಕೊಡುತ್ತಿದ್ದೆವು, ಗಂಡನ ಮನೆಯಲ್ಲಿ ಬೇಡ ಅಂತಾರೆ. ನಾನೇನು ಮಾಡಲಿ?

ಶಿರಸಿ ಮಗಳು

ಅಸ್ಸಲಾಮು ಅಲೈಕುಮ್. ನಾನು ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ, ಮದುವೆಯಾಗಿ ಬಂದದ್ದು ಭಟ್ಕಳಕ್ಕೆ. ತವರಿನವರು ಹನಫಿ ಮದ್‌ಹಬ್ (ಧರ್ಮವಿಧಿಗಳ ಪಂಥ). ಇಲ್ಲಿ ಮನೆಯವರು ನವಾಯತರು (ಈ ಕರಾವಳಿಯ ಮುಸ್ಲಿಂ ಸಮುದಾಯ), ಶಾಫಿ ಮದ್‌ಹಬ್. ನಮಾಝಿನಲ್ಲಿ ಆಮೀನ್ ಜೋರಾಗಿ ಹೇಳುವುದು, ಫಜರ್‌ನಲ್ಲಿ ಕುನೂತ್ ಪ್ರಾರ್ಥನೆ ಓದುವುದು, ಇವೆಲ್ಲ ನೋಡಿ ನೋಡಿ ರೂಢಿಯಾಗಿದೆ. ಯಾರೂ ನನಗೆ ಒತ್ತಾಯ ಮಾಡಿಲ್ಲ. ಆದರೆ ಒಡವೆಯ ಝಕಾತ್ ವಿಷಯ ಮಾತ್ರ ಮನಸ್ಸಿಗೆ ಸಮಾಧಾನ ಕೊಡುತ್ತಿಲ್ಲ.

ತವರಲ್ಲಿ ಶಾಬಾನ್ ತಿಂಗಳಲ್ಲೇ ಅಮ್ಮಿ ಒಡವೆಯನ್ನೆಲ್ಲ ಅಕ್ಕಸಾಲಿಯ ಹತ್ತಿರ ತೂಕ ಮಾಡಿಸುತ್ತಿದ್ದರು. ಕಿವಿಯಲ್ಲಿದ್ದ ಓಲೆಯನ್ನೂ ಬಿಚ್ಚಿ ಕೊಡುತ್ತಿದ್ದರು. ಅಬ್ಬಾ ಅಂದಿನ ದರ ಕೇಳಿ ನಲವತ್ತರಲ್ಲಿ ಒಂದು ಪಾಲು ಬೇರೆ ತೆಗೆದಿಡುತ್ತಿದ್ದರು. ಅಂಗಡಿಯಲ್ಲಿ ವ್ಯಾಪಾರ ಇಲ್ಲದ ವರ್ಷವೂ ಅದು ತಪ್ಪಿಲ್ಲ. ಇಲ್ಲಿ ಅತ್ತೆ "ಹಾಕಿಕೊಳ್ಳುವ ಒಡವೆಗೆ ಝಕಾತ್ ಇಲ್ಲಮ್ಮ, ನಮ್ಮಲ್ಲಿ ಯಾರೂ ಕೊಡುವುದಿಲ್ಲ" ಅಂತಾರೆ. ಅವರು ಐದು ಹೊತ್ತಿನ ನಮಾಝ್ ಬಿಡದವರು, ಕೈ ಎತ್ತಿ ಕೊಡುವವರು. ದುಡ್ಡು ಉಳಿಸಲು ಹೇಳುವ ಮಾತಲ್ಲ ಅದು.

ನನ್ನ ಹತ್ತಿರ ಒಟ್ಟು 160 ಗ್ರಾಂ ಇದೆ. ಲಚ್ಛಾ, ಬಳೆ, ಓಲೆ ಸೇರಿ 50 ಗ್ರಾಂ ಮೈಮೇಲೆ ಇರುವುದು. ಯಜಮಾನರು ದುಬೈಯಿಂದ ತಂದುಕೊಟ್ಟ ನಾಣ್ಯಗಳು 40 ಗ್ರಾಂ. ಉಳಿದ 70 ಗ್ರಾಂ ನಾನಿಯ ಹಾರ. ಅದನ್ನು ಹಾಕಿಕೊಂಡದ್ದೇ ಇಲ್ಲ, ಲಾಕರಿನಲ್ಲಿದೆ. "ಕಷ್ಟ ಬಂದರೆ ಮಾರು, ಇಲ್ಲಾಂದ್ರೆ ನಿನ್ನ ಮಗಳ ಮದುವೆಗೆ ಆಗಲಿ" ಅಂತ ಅಮ್ಮಿ ಕೊಟ್ಟದ್ದು.

ನಾನು ಯಾರ ಪ್ರಕಾರ ನಡೆಯಬೇಕು? ಕೊಡಬೇಕಾದರೆ ನಾನು ಕೊಡಬೇಕಾ, ಯಜಮಾನರಾ? ನನ್ನ ಸಂಪಾದನೆ ಅಂದರೆ ಮನೆಯಲ್ಲಿ ಬಟ್ಟೆ ಹೊಲಿದು ಬರುವುದಷ್ಟೇ. ಇನ್ನೊಂದು ವಿಷಯ. ನಮ್ಮ ಓಣಿಯಲ್ಲಿ ಒಬ್ಬರು ವಿಧವೆ ಇದ್ದಾರೆ. ಬೋಟಿನಲ್ಲಿ ಕೆಲಸ ಮಾಡುವ ಮಗನ ಸಂಬಳದಲ್ಲೇ ಮನೆ ನಡೆಯಬೇಕು. ಅವರಿಗೇ ಕೊಡಬಹುದಾ, ಇಲ್ಲಾ ಜಮಾಅತಿನ (ಊರಿನ ಮುಸ್ಲಿಂ ಸಂಘದ) ಸಂಗ್ರಹಕ್ಕೆ ಹಾಕಬೇಕಾ?

ಮಂಕಿಯವ

ಗಂಡನ ಮನೆಯ ಮದ್‌ಹಬ್ ಯಾವುದೋ ಹೆಂಡತಿಗೂ ಅದೇ. ಶಾಫಿ ಪ್ರಕಾರ ಒಡವೆಗೆ ಝಕಾತ್ ಇಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೊನ್ನಾವರದ ಆಪಾ

ವ ಅಲೈಕುಮುಸ್ಸಲಾಮ್ ತಂಗಿ. ಮೇಲಿನ ಭಾಯಿ ಹೇಳಿದ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ನಿಖಾಹ್ ಆದ ಕೂಡಲೇ ಹೆಂಗಸಿನ ಮದ್‌ಹಬ್ ಬದಲಾಗುವುದಿಲ್ಲ. ನೀವು ಹನಫಿಯಾಗಿ ಕಲಿತವರು, ಹನಫಿಯಾಗಿಯೇ ಇರಬಹುದು. ನಾನು ಶಾಫಿ ಮನೆಯವಳು. ಇಲ್ಲಿ ಹೆಣ್ಣುಮಕ್ಕಳಿಗೆ ದೀನ್ ಕಲಿಸುತ್ತೇನೆ. ಈ ಒಡವೆ ಪ್ರಶ್ನೆ ಪ್ರತಿ ರಮಝಾನಿಗೂ ಬರುತ್ತದೆ. ಅರ್ಧ ಉತ್ತರ ಕೇಳಿಕೊಂಡು ಹೋಗುವವರೇ ಜಾಸ್ತಿ. ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ನಿಮ್ಮ ಅಬ್ಬಾ ಮಾಡಿದ್ದು ಸರಿ. ಒಬ್ಬ ಹೆಂಗಸು ಮಗಳ ಜೊತೆ ಪ್ರವಾದಿಯವರ (ಸ) ಹತ್ತಿರ ಬಂದಳು. ಮಗಳ ಕೈಯಲ್ಲಿ ಎರಡು ದಪ್ಪ ಚಿನ್ನದ ಬಳೆ ಇದ್ದವು. "ಇದರ ಝಕಾತ್ ಕೊಡುತ್ತೀಯಾ?" ಅಂತ ಕೇಳಿದರು. ಇಲ್ಲ ಅಂದಳು. ಎಚ್ಚರಿಕೆಯ ಮಾತು ಕೇಳಿದ ಮೇಲೆ ಎರಡೂ ಬಳೆ ಬಿಚ್ಚಿ ಅವರ ಮುಂದಿಟ್ಟಳು. ಅಬೂದಾವೂದರ ಸಂಗ್ರಹದಲ್ಲಿರುವ ಈ ಹದೀಸನ್ನು (ಪ್ರವಾದಿಯವರ ನಡೆನುಡಿಯ ವರದಿಯನ್ನು) ಹನಫಿಗಳು ಆಧಾರ ಮಾಡಿಕೊಳ್ಳುತ್ತಾರೆ. ಅವರಲ್ಲಿ ಹಾಕಿದರೂ ಚಿನ್ನವೇ, ಇಟ್ಟರೂ ಚಿನ್ನವೇ.

ನಿಮ್ಮ ಅತ್ತೆ ಹೇಳಿದ್ದಕ್ಕೂ ಬುಡ ಇದೆ. ಪ್ರವಾದಿಯವರ ಪತ್ನಿ ಹಝ್ರತ್ ಆಯಿಶಾ ತಮ್ಮ ಸಹೋದರನ ಅನಾಥ ಹೆಣ್ಣುಮಕ್ಕಳನ್ನು ಸಾಕಿದರು. ಆ ಮಕ್ಕಳಿಗೆ ಒಡವೆ ಇತ್ತು. ಅದರ ಝಕಾತ್ ಅವರು ತೆಗೆಯುತ್ತಿರಲಿಲ್ಲ ಅಂತ ಇಮಾಮ್ ಮಾಲಿಕ್ ವರದಿ ಮಾಡಿದ್ದಾರೆ. ಮೈಮೇಲಿನ ಒಡವೆ ಉಟ್ಟ ಬಟ್ಟೆಯಂತೆ ಬಳಕೆಯ ವಸ್ತು ಅನ್ನುವುದು ಶಾಫಿ, ಮಾಲಿಕಿ, ಹಂಬಲಿ ವಿದ್ವಾಂಸರ ನಿಲುವು.

ಈ ಕರಾವಳಿಯಲ್ಲಿ ಶಾಫಿ ಪದ್ಧತಿ ಹೊಸದಲ್ಲ. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಯ ಜನ ಶಾಫಿಗಳು ಅಂತ ಬರೆದಿದ್ದಾನೆ. ಇಲ್ಲಿಯ ಹೆಂಗಸರು ಕುರ್‌ಆನ್ ಬಾಯಿಪಾಠ ಮಾಡಿದ್ದರು, ಹುಡುಗಿಯರಿಗೇ 13 ಪಾಠಶಾಲೆ ಇದ್ದವು ಅಂತಲೂ ಬರೆದಿದ್ದಾನೆ. ನನ್ನ ಹುಡುಗಿಯರಿಗೆ ಇದನ್ನು ಹೇಳದೆ ನಾನು ಬಿಡುವುದಿಲ್ಲ. ನಮ್ಮ ಊರಿನ ಹೆಂಗಸರು ಅಷ್ಟು ಓದಿದವರು. ಈಗಿನವರು ಯಾಕೆ ಕೇಳಿದ್ದನ್ನೇ ನಂಬಿ ಕೂರಬೇಕು?

ಈಗ ಆ ಉಳಿದರ್ಧ. ಶಾಫಿಯಲ್ಲಿ ವಿನಾಯಿತಿ ಇರುವುದು ಹಾಕಿಕೊಳ್ಳುವ ಒಡವೆಗೆ, ಅದೂ ವಾಡಿಕೆಯಷ್ಟಕ್ಕೆ. ನಾಣ್ಯ, ಬಿಸ್ಕೆಟ್ ಒಡವೆಯೇ ಅಲ್ಲ. ಅದಕ್ಕೆ ಎಲ್ಲ ಮದ್‌ಹಬ್‌ನಲ್ಲೂ ಝಕಾತ್ ಇದೆ. ಕೂಡಿಡುವ ಉದ್ದೇಶದಿಂದ ಇಟ್ಟ ಹಾರ, ಸರಕ್ಕೂ ಶಾಫಿಯಲ್ಲಿ ಝಕಾತ್ ಇದೆ. "ಕಷ್ಟ ಬಂದರೆ ಮಾರು" ಅಂತ ಕೊಟ್ಟದ್ದನ್ನು ನೀವು ಹಾಗೆಯೇ ಇಟ್ಟುಕೊಂಡಿದ್ದೀರಿ. ಅದು ಉಳಿತಾಯ ಅಲ್ವಾ? ಮಗಳಿಗೆ ಅಂತ ಮನಸ್ಸಲ್ಲಿದೆ, ಇನ್ನೂ ಕೊಟ್ಟಿಲ್ಲ. ಹಾಗಾಗಿ ಒಡತಿ ನೀವೇ.

ಲೆಕ್ಕ ನೋಡಿ. ಹನಫಿ ಪ್ರಕಾರ 160 ಗ್ರಾಂಗೆ ಶೇ. 2.5, ಅಂದರೆ 4 ಗ್ರಾಂ. ಶಾಫಿ ಪ್ರಕಾರ ಮೈಮೇಲಿನ 50 ಬಿಟ್ಟು 110 ಗ್ರಾಂಗೆ 2.75 ಗ್ರಾಂ. ಎರಡು ಮನೆಯ ನಡುವೆ ವ್ಯತ್ಯಾಸ ಇರುವುದು ಒಂದೂಕಾಲು ಗ್ರಾಂ ಮಾತ್ರ! ಉಳಿದದ್ದನ್ನು ಅತ್ತೆಯ ಪ್ರಕಾರವೂ ಕೊಡಲೇಬೇಕು. "ಶಾಫಿಯಲ್ಲಿ ಒಡವೆಗೆ ಝಕಾತ್ ಇಲ್ಲ" ಅಂತ ಒಂದೇ ಸಾಲು ಹೇಳಿ ಲಾಕರ್ ಬೀಗ ಹಾಕುವ ಮನೆಗಳನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತದೆ. ಅದು ಬಡವರ ಹಕ್ಕು. ಅವರ ಪಾಲು ನಮ್ಮ ಲಾಕರಿನಲ್ಲಿ ಕೂತಿದೆ.

ಝಕಾತ್ ನಿಮ್ಮ ಮೇಲೆ, ಯಜಮಾನರ ಮೇಲಲ್ಲ. ಮಹರ್ (ಮದುವೆಯಲ್ಲಿ ಗಂಡ ಕೊಡುವುದು) ಆಗಲಿ ತವರಿನದಾಗಲಿ, ಹೆಂಗಸಿನ ಚಿನ್ನ ಅವಳದೇ. ಅವರು ಪ್ರೀತಿಯಿಂದ ನಿಮ್ಮ ಪರವಾಗಿ ಕೊಡುತ್ತೇನೆ ಅಂದರೆ, ನೀವು ಒಪ್ಪಿದರೆ, ಆಗುತ್ತದೆ. ಕೊಡಲೇಬೇಕು ಅಂತ ಕೇಳುವ ಹಾಗಿಲ್ಲ.

ತೆಂಗಿನಗುಂಡಿ ಮೀನು ವ್ಯಾಪಾರಿ

ಆಪಾ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಪ್ರಮಾಣ) ಏಳೂವರೆ ತೊಲ ಅಂತ ಕೇಳಿರುತ್ತೀರಿ. ಈಗ ಅಂಗಡಿಯಲ್ಲಿ 10 ಗ್ರಾಂಗೆ ತೊಲ ಅಂತಾರೆ. ಹಳೆ ತೊಲ 11.66 ಗ್ರಾಂ. ಹಾಗಾಗಿ ಚಿನ್ನದ ನಿಸಾಬ್ 75 ಅಲ್ಲ, 87.48 ಗ್ರಾಂ. ಬೆಳ್ಳಿಗೆ ಐವತ್ತೆರಡೂವರೆ ತೊಲ, 612.36 ಗ್ರಾಂ. ಕೆಲವು ವಿದ್ವಾಂಸರು ಚಿನ್ನಕ್ಕೆ 85 ಗ್ರಾಂ ಹಿಡಿಯುತ್ತಾರೆ. ತಂಗಿ, ನಿಮ್ಮದು ಹೇಗೆ ಲೆಕ್ಕ ಹಾಕಿದರೂ ದಾಟುತ್ತದೆ.

ಆ ವಿಧವೆಯ ಬಗ್ಗೆ. ನೇರವಾಗಿ ಅವರಿಗೇ ಕೊಡಿ. ಜಮಾಅತಿಗೆ ಕೊಟ್ಟರೂ ಸರಿ, ಆದರೆ ಕಣ್ಣೆದುರಿಗೆ ಕಷ್ಟ ಇರುವಾಗ ಯಾಕೆ ಸುತ್ತು ಹಾಕಬೇಕು? ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ನಿಷೇಧ ಬೇಕು. ಆದರೆ ಆ ಎರಡು ತಿಂಗಳು ಖಲಾಸಿಗಳ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ ಅಂತ ಬಂದರಿನಲ್ಲಿರುವ ನನಗೆ ಗೊತ್ತು. ಅಂಗಡಿ ಸಾಲ ಏರುತ್ತದೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ರಮಝಾನ್ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಈಗ ಅದು ಬರುವುದು ಬೋಟ್ ಓಡುವ ಕಾಲದಲ್ಲಿ. ಆಗ ಎಲ್ಲರೂ ಒಟ್ಟಿಗೆ ಕೊಡುತ್ತಾರೆ. ಮಳೆಗಾಲಕ್ಕೆ ಕೈ ಖಾಲಿ.

ಕೊಡಬೇಕಾದದ್ದನ್ನು ಜೂನ್‌ವರೆಗೆ ಎಳೆಯುವುದು ಸರಿಯಲ್ಲ, ವರ್ಷದ ಅವಧಿ ತುಂಬಿದ ಕೂಡಲೇ ಕೊಡಬೇಕು. ಆದರೆ ಮುಂಗಡ ಕೊಡಬಹುದು. ತಮ್ಮ ಚಿಕ್ಕಪ್ಪ ಹಝ್ರತ್ ಅಬ್ಬಾಸರಿಗೆ ಪ್ರವಾದಿಯವರು (ಸ) ಅದಕ್ಕೆ ಅನುಮತಿ ಕೊಟ್ಟಿದ್ದರು. ನಮ್ಮ ಶಾಫಿಯಲ್ಲೂ ಹನಫಿಯಲ್ಲೂ ಇದು ನಡೆಯುತ್ತದೆ. ಮುಂದಿನ ರಮಝಾನಿನ ಝಕಾತನ್ನು ಈ ಜೂನಿನಲ್ಲೇ ಕೊಡಿ. ಒಟ್ಟಿಗೆ ಆಗದಿದ್ದರೆ ಹೊಲಿಗೆ ದುಡ್ಡು ಬಂದ ಹಾಗೆ ಸ್ವಲ್ಪ ಸ್ವಲ್ಪ ಕೊಡಿ, ಚೀಟಿಯಲ್ಲಿ ಬರೆದಿಡಿ.

ಮತ್ತೊಂದು ಬೇಡಿಕೆ ನನ್ನದು. ದಯವಿಟ್ಟು ನೂರು ಜನಕ್ಕೆ ನೂರು ನೂರು ರೂಪಾಯಿ ಹಂಚಬೇಡಿ. ಶಾಫಿ ವಿದ್ವಾಂಸ ಇಮಾಮ್ ನವವಿ ಬರೆದದ್ದು ಓದಿದರೆ ಮನಸ್ಸು ತುಂಬುತ್ತದೆ. ಕಸುಬುದಾರನಿಗೆ ಉಪಕರಣ ತಗೊಳ್ಳುವಷ್ಟು ಕೊಡಿ, ವ್ಯಾಪಾರಿಗೆ ಬಂಡವಾಳ ಕೊಡಿ, ಮತ್ತೆ ಕೈ ಚಾಚದ ಹಾಗೆ ಆಗಲಿ ಅನ್ನುವುದು ಅವರ ಮಾತಿನ ಸಾರ. ಆ ತಾಯಿಗೆ ಮೀನು ಮಾರುವ ಶಕ್ತಿ ಇದ್ದರೆ ಐಸ್ ಪೆಟ್ಟಿಗೆ, ತಕ್ಕಡಿ, ಮೊದಲ ಬುಟ್ಟಿ ಮೀನಿನ ದುಡ್ಡು ಸಾಕು. ದುಡ್ಡು ಅವರ ಕೈಗೇ ಕೊಡಿ, ಏನು ಬೇಕೋ ಅವರೇ ತಗೊಳ್ಳಲಿ. ಇದು ಝಕಾತ್ ಅಂತ ಅವರಿಗೆ ಹೇಳಬೇಕಾಗಿಲ್ಲ, ನಿಮ್ಮ ಮನಸ್ಸಿನ ನಿಯ್ಯತ್ (ಸಂಕಲ್ಪ) ಸಾಕು. ಎಷ್ಟೋ ಮಂದಿ ಝಕಾತ್ ಅಂದ ಕೂಡಲೇ ನಾಚಿ ಬೇಡ ಅಂದುಬಿಡುತ್ತಾರೆ.

ಕುಮಟಾ ಮೇಷ್ಟ್ರು

ನಾನು ಮುಸ್ಲಿಂ ಅಲ್ಲ, ಓದುತ್ತಾ ಬಂದೆ. ಒಂದು ಸಂದೇಹ, ತಪ್ಪು ತಿಳಿಯಬೇಡಿ. ಅಘನಾಶಿನಿ ಉಕ್ಕಿ ನಮ್ಮ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಮುಸ್ಲಿಂ ಹುಡುಗರು ಅಕ್ಕಿ, ಬೇಳೆ, ಚಾಪೆ ತಂದುಕೊಟ್ಟರು. ಯಾವ ಜಾತಿ ಅಂತ ಯಾರನ್ನೂ ಕೇಳಲಿಲ್ಲ. ಅದು ಝಕಾತ್ ದುಡ್ಡೇ ಆಗಿತ್ತಾ?

ಹೊನ್ನಾವರದ ಆಪಾ

ಕೇಳಿದ್ದು ಒಳ್ಳೆಯದಾಯಿತು ಮೇಷ್ಟ್ರೇ. ಝಕಾತ್ ಯಾರಿಗೆ ಅಂತ ಕುರ್‌ಆನಿನ 9ನೇ ಅಧ್ಯಾಯದ 60ನೇ ವಚನದಲ್ಲಿ ಎಂಟು ಬಗೆಯವರನ್ನು ಹೇಳಿದೆ. ಬಡವರು, ಗತಿಯಿಲ್ಲದವರು, ಸಾಲದಲ್ಲಿ ಮುಳುಗಿದವರು, ದಾರಿಹೋಕರು ಹೀಗೆ. ಅದನ್ನು ಮುಸ್ಲಿಂ ಬಡವರಿಗೇ ಕೊಡಬೇಕು ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. ಆದರೆ ಸದಕಾ ಅಂತ ಬೇರೆ ಇದೆ. ಅದಕ್ಕೆ ಶೇಕಡಾ ಇಲ್ಲ, ಕಾಲ ಇಲ್ಲ, ಧರ್ಮದ ಗಡಿಯೂ ಇಲ್ಲ. ಬಡವನಿಗೆ, ಅನಾಥನಿಗೆ, ಸೆರೆಯಾಳಿಗೆ ಉಣ್ಣಿಸುವವರನ್ನು 76ನೇ ಅಧ್ಯಾಯ ಹೊಗಳುತ್ತದೆ. ನಿಮ್ಮ ಕಡೆಗೆ ಬಂದದ್ದು ಸದಕಾ ಇರಬೇಕು. ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲ ಅನ್ನುವ ಹದೀಸ್ ಇದೆ. ಅದರಲ್ಲಿ ನೆರೆಯವನ ಧರ್ಮ ಹೇಳಿಲ್ಲ.

ಶಿರಸಿ ಮಗಳು

ಎಲ್ಲರಿಗೂ ಅಲ್ಲಾಹು ಒಳ್ಳೆಯದು ಮಾಡಲಿ. ಆಪಾ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ನಾಣ್ಯದ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಬೀರುವಿನಲ್ಲಿರುವ ಎರಡು ಬಿಸ್ಕೆಟ್ಟನ್ನೂ ಲೆಕ್ಕಕ್ಕೆ ಸೇರಿಸು ಅಂದರು. ನಾನು ಹನಫಿ ಲೆಕ್ಕದಲ್ಲೇ ಕೊಡುತ್ತೇನೆ, ಅಬ್ಬಾ ಹಾಕಿಕೊಟ್ಟ ರೂಢಿ ಬಿಡಲು ಮನಸ್ಸಿಲ್ಲ. ಅತ್ತೆ ಶಾಫಿ ಲೆಕ್ಕದಲ್ಲಿ ಕೊಡುತ್ತಾರೆ. ಅವರಿಗೊಂದು ಪ್ರಶ್ನೆ ಇದೆ. ನಾನಿಯ ಹಾರದಂಥದ್ದರಲ್ಲಿ ಕಲ್ಲು, ಒಳಗೆ ಅರಗು ಇರುತ್ತದಲ್ಲ, ಅದನ್ನೂ ತೂಕಕ್ಕೆ ಹಿಡಿಯಬೇಕಾ?

ಹೊನ್ನಾವರದ ಆಪಾ

ಬೇಡ. ಕಲ್ಲು, ಅರಗು ಎರಡನ್ನೂ ಕಳೆಯಿರಿ. ಬಿಚ್ಚುವುದೂ ಬೇಡ, ಅನುಭವ ಇರುವ ಅಕ್ಕಸಾಲಿ ಅಂದಾಜು ಹೇಳುತ್ತಾನೆ. ಮಜೂರಿಯನ್ನೂ ಸೇರಿಸಬೇಡಿ. ಶಾಫಿಯಲ್ಲಿ ಅಪ್ಪಟ ಚಿನ್ನವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ, ಆದ್ದರಿಂದ 22 ಕ್ಯಾರೆಟ್ ಆದರೆ ಬಂದ ತೂಕವನ್ನು 22ರಿಂದ ಗುಣಿಸಿ 24ರಿಂದ ಭಾಗಿಸಿ. ನಿಮ್ಮ ಹಾರವನ್ನೇ ಹಿಡಿಯಿರಿ. 70ರಲ್ಲಿ ಕಲ್ಲು, ಅರಗು 8 ಗ್ರಾಂ ಹೋದರೆ 62. ಅದರಲ್ಲಿ ಅಪ್ಪಟ ಸುಮಾರು 57. ನಾಣ್ಯ 24 ಕ್ಯಾರೆಟಿನದಾದರೆ ಅದರ 40 ಸೇರಿ 97 ಗ್ರಾಂ. ಆಗಲೂ ನಿಸಾಬ್ ದಾಟುತ್ತದೆ. ಹನಫಿಯಲ್ಲಿ ಚಿನ್ನವೇ ಹೆಚ್ಚಿರುವ ಒಡವೆಯನ್ನು ಪೂರ್ತಿ ಚಿನ್ನ ಅಂತಲೇ ಎಣಿಸುತ್ತಾರೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಕ್ಯಾರೆಟ್ ಕಳೆಯಬೇಡಿ, ಕಲ್ಲು ಮತ್ತು ಅರಗು ಮಾತ್ರ ಕಳೆಯಿರಿ. ಅತ್ತೆಯ ಬಿಸ್ಕೆಟ್ ಎಷ್ಟು ಗ್ರಾಂ ಅಂತ ಬರೆಯಿರಿ, ಅವರದ್ದನ್ನೂ ನೋಡಿ ಹೇಳುತ್ತೇನೆ.